ಬಂದವರನ್ನು ಒಲ್ಲೆನೆನ್ನದ ಬಾಗಿಲು

(ಶ್ರೀಮಠದ ಮಹೋತ್ಸವದ ಮೂರನೆಯ ದಿವಸ ಸಾಯಂಕಾಲದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)

ನನಗೆ ಅಪ್ಪಣೆಯಾದ ವಿಷಯವನ್ನು ಕುರಿತು ಅಲ್ಪಮತಿಗೆ ತೋರಿದಷ್ಟನ್ನು ಅರಿಕೆ ಮಾಡಿಕೊಳ್ಳುವೆನು.

‘ಪರಧರ್ಮಗಳಲ್ಲಿ ಶರಣಾಗತಿ’ ಎಂಬುದು ಮಂಡಳಿಯವರು ಕೊಟ್ಟ ವಿಷಯವು. ಅದು ಬಹಳ ವಿಸ್ತಾರವಾದುದು. ಒಂದು ಸಾಯಂಕಾಲದಲ್ಲಿ ಮುಗಿಯುವಂಥದಲ್ಲ. ಆದುದರಿಂದ ನಾನು ಅದರೊಳಗಿನ ಒಂದೇ ಮಾತನ್ನು ಹಿಡಿದುಕೊಂಡಿರುವೆನು. ನಂಬಿ ಬಂದವನನ್ನು, ಅವನು ಎಂಥವನೇ ಆಗಿರಲಿ, ದೇವರು ಹೊರಗೆ ನಿಲ್ಲಿಸುವದಿಲ್ಲವೆಂದು ಕ್ರೈಸ್ತರು ಕೊಡುವ ಅಭಯವೇ ಆ ಮಾತು. ನಿನ್ನೆಯ ದಿವಸ ಹಿರಿಯರೊಬ್ಬರು, “ಶಾಸ್ತ್ರಿಗಳೇ, ಮಠದ ಮಹೋತ್ಸವದಲ್ಲಿ ಪಾದ್ರಿಗಳ ಮಾತು ಯಾಕೆ? ನಮ್ಮಲ್ಲಿ ಹೇಳುವದಕ್ಕೆ ಏನೂ ಉಳಿದಿಲ್ಲವೆ?” ಎಂದು ಕೇಳಿದರು. ಉಳಿಯದೆ ಏನು, ಬೇಕಾದಷ್ಟುಂಟು. ಆದರೆ ನಮ್ಮ ಮನೆಯ ಗೋಡೆ ನೆಟ್ಟಗಿರುವದೋ ವಾಲಿರುವದೋ ಎಂಬುದು ಒಳಗೆ ಮಲಗಿದವನಿಗಿಂತ ಎದುರುಮನೆಯ ಕಟ್ಟೆಯ ಮೇಲೆ ಕುಳಿತವನಿಗೆ ಬೇಗನೆ ಕಾಣುವದು. ಹೀಗೆಂದು ಅವರಿಗೆ ಹೇಳಿದೆನು. ಅವರು ನಕ್ಕರು, ಇಂದು ಮುಂದಿನ ಸಾಲಿನಲ್ಲಿಯೇ ಬಂದು ಕುಳಿತಿರುವರು.

ಈ ಅಭಯವನ್ನು ನಾನು ಮೊದಲು ಕೇಳಿದುದು ಗ್ರಂಥದಿಂದಲ್ಲ. ನನಗಾಗ ಹತ್ತು ಹನ್ನೊಂದು ವರ್ಷದ ವಯಸ್ಸು. ನಮ್ಮ ತಾಯಿಯವರಿಗೆ ಹೊಟ್ಟೆಯ ಬೇನೆ ಬಲವಾಗಿ, ರೋಣ ತಾಲೂಕಿನ ನಮ್ಮ ಹಳ್ಳಿಯಿಂದ ಚಕ್ಕಡಿಯಲ್ಲಿಯೂ ಆ ಮೇಲೆ ಬಸ್ಸಿನಲ್ಲಿಯೂ ಬೆಟಗೇರಿಗೆ ಕರೆದುಕೊಂಡು ಹೋದರು. ಬಾಸೆಲ್ ಮಿಷನ್ನಿನವರು ಕಟ್ಟಿದ ಆ ಆಸ್ಪತ್ರೆಯನ್ನು ನಮ್ಮ ಕಡೆಯವರು ಇಂದಿಗೂ ಜರ್ಮನ್ ದವಾಖಾನೆ ಎಂದೇ ಕರೆಯುವರಷ್ಟೆ. ಅಲ್ಲಿ ತಾಯಿಯವರ ಪಕ್ಕದ ಮಂಚದ ಮೇಲೆ ಗುಳೇದಗುಡ್ಡದ ಕಡೆಯ ಒಬ್ಬ ಮುದುಕಿ ಇದ್ದಳು. ನೇಕಾರರ ಮನೆಯವಳು, ಕ್ರೈಸ್ತಳು. ದಿನಾಲು ಸಂಜೆ ಕಣ್ಣು ಮುಚ್ಚಿ ತನ್ನಷ್ಟಕ್ಕೆ ತಾನೇ ಮಾತನಾಡುತ್ತಿದ್ದಳು. ಅದೇ ಹೊತ್ತಿಗೆ ನಮ್ಮ ತಾಯಿಯವರು ಮಂಚದ ಮೇಲೆಯೇ ಕುಳಿತು ಕರಸ್ಥಲದಲ್ಲಿ ಲಿಂಗವನ್ನಿಟ್ಟುಕೊಂಡು ವಿಭೂತಿ ಪತ್ರೆಗಳಿಂದ ಪೂಜಿಸುತ್ತಿದ್ದರು. ಒಂದು ದಿನ ತಾಯಿಯವರು, “ಯಕ್ಕಾ, ನೀ ದಿನಾ ಬೇಡಿಕೋತೀಯಲ್ಲ, ನಿಮ್ಮ ದೇವರು ನಮ್ಮಂಥವರ ಮಾತೂ ಕೇಳತಾನೇನು?” ಎಂದು ಕೇಳಿದರು. ಅದಕ್ಕೆ ಆ ಮುದುಕಿಯು, “ಕೇಳದ ಏನ ಮಾಡ್ಯಾನು ತಂಗಿ? ಬಂದವರನ್ನ ಹೊರಗ ಹಾಕಂಗಿಲ್ಲ ಅಂತ ತಾನ ಮಾತ ಕೊಟ್ಟಾನ,” ಎಂದಳು. ತಾಯಿಯವರು ಕೈಯೊಳಗಿನ ಲಿಂಗವನ್ನು ನೋಡಿಕೊಂಡು, “ನಮ್ಮಪ್ಪನೂ ಹಂಗ ಅದಾನ,” ಎಂದರು. ಇಬ್ಬರಿಗೂ ಸಮಾಧಾನವಾಯಿತು. ಮುಂದೆ ಆ ವಿಷಯದ ಚರ್ಚೆ ಬೆಳೆಯಲಿಲ್ಲ. ಜೋಳದ ಬೆಳೆ, ಮಗಳ ಬಾಣಂತನ, ಇಂಥ ಮಾತುಗಳಿಗೆ ಹೋದರು.

ಪಾಠಶಾಲೆಯಲ್ಲಿ ಕೌಮುದಿಯನ್ನೂ ಸಿದ್ಧಾಂತ ಶಿಖಾಮಣಿಯನ್ನೂ ಓದಿ ಮುಗಿಸಿದ ಮೇಲೆ, ಆ ಮುದುಕಿಯ ಮಾತು ಎಲ್ಲಿಯದೆಂದು ಹುಡುಕಬೇಕೆಂಬ ಆಸೆ ನನಗುಂಟಾಯಿತು. ಕನ್ನಡದ ಬೈಬಲನ್ನು ಸಂಪಾದಿಸಿ ಓದಿದೆನು. ಇಡಿಯ ಬೈಬಲು ಕನ್ನಡಕ್ಕೆ ಬಂದುದು ಬಳ್ಳಾರಿಯಲ್ಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬವರ ಪರಿಶ್ರಮದಿಂದ 1831ರಲ್ಲಿ ಅದು ಪೂರ್ತಿಯಾಯಿತು. ಆ ಮೇಲೆ ಅನೇಕರು ಅದನ್ನು ತಿದ್ದಿದರು. ವ್ಯಾಕರಣ ಓದಿದವನ ಚಾಳಿಯಿಂದ ನಾನು ಮೊದಲು ನೋಡಿದುದು ಶಬ್ದಗಳನ್ನು. ಅವರ ಧರ್ಮದೊಳಗೆ ಸೇರುವಾಗ ನೀರಿನಿಂದ ಮಾಡುವ ಸಂಸ್ಕಾರಕ್ಕೆ ‘ದೀಕ್ಷಾಸ್ನಾನ’ ಎಂದು ಹೆಸರಿಟ್ಟಿರುವರು. ದೀಕ್ಷೆ ಎಂಬ ಶಬ್ದವನ್ನು ಅವರು ಎಲ್ಲಿಂದ ತಂದರು? ಈ ನಾಡಿನಲ್ಲಿ ಮನುಷ್ಯನಿಗೆ ಎರಡನೆಯ ಜನ್ಮವನ್ನು ಕೊಡುವ ಮಾತು ಯಾವದೆಂದು ಹುಡುಕಿ, ನಮ್ಮ ಮಠಗಳ ಬಾಗಿಲಿನಿಂದಲೇ ಕೊಂಡೊಯ್ದಿರಬೇಕೆಂದು ನನಗೆ ತೋರುವದು. ‘ನಂಬಿಕೆ’ ಎಂಬುದೂ ಹಾಗೆಯೇ. ನಂಬದೆ ಬರಿಯ ಬಾಯಿಂದ ಕರೆಯುವವರ ವಿಷಯವಾಗಿ ಬಸವಣ್ಣನವರು ಹೇಳಿದ ವಚನವು ನಿಮಗೆಲ್ಲರಿಗೂ ಬಾಯಿಪಾಠವಾಗಿರುವದು. ಶಬ್ದವು ಒಂದೇ ಆದ ಮೇಲೆ ಅರ್ಥದಲ್ಲಿಯೂ ಸ್ವಲ್ಪಮಟ್ಟಿಗೆ ನಂಟಸ್ತಿಕೆ ಇರಲೇಬೇಕಲ್ಲವೆ?

ಮುದುಕಿ ಹೇಳಿದ ಮಾತು ಯೋಹಾನನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿದೆ. ತನ್ನ ಬಳಿಗೆ ಬರುವವನನ್ನು ತಾನು ಎಂದಿಗೂ ತಳ್ಳಿಬಿಡುವದಿಲ್ಲವೆಂದು ಯೇಸುವು ಅಲ್ಲಿ ವಚನವೀಯುವನು. ಆದರೆ ಆ ಮಾತಿನ ಒಳಗುಟ್ಟು ತಿಳಿಯುವದು ಲೂಕನು ಬರೆದ ಹದಿನೈದನೆಯ ಅಧ್ಯಾಯದ ಒಂದು ಸಾಮತಿಯಿಂದ. ಒಬ್ಬ ತಂದೆಗೆ ಇಬ್ಬರು ಮಕ್ಕಳು. ಕಿರಿಯನು ತಂದೆಯು ಬದುಕಿರುವಾಗಲೇ ಪಾಲು ಬೇಡಿ ತೆಗೆದುಕೊಂಡು, ದೂರದೇಶಕ್ಕೆ ಹೋಗಿ ಹಾಳುಮಾಡಿದನು. ಬರ ಬಿದ್ದಿತು. ಹಂದಿಗಳನ್ನು ಕಾಯುವ ಕೆಲಸ ಬಂದಿತು. ಹಂದಿಯನ್ನು ಮುಟ್ಟದ ಯೆಹೂದ್ಯರಲ್ಲಿ ಅದಕ್ಕಿಂತ ಕೀಳಾದ ಸ್ಥಿತಿ ಇಲ್ಲ. ಆಗ ಅವನಿಗೆ ತಂದೆಯ ಮನೆಯ ನೆನಪಾಯಿತು. ಏನೆಂದು ನೆನಪಾಯಿತು? ತಂದೆಯ ಪ್ರೀತಿಯೆಂದಲ್ಲ. ಅಲ್ಲಿಯ ಆಳುಗಳಿಗೆ ಸಹ ರೊಟ್ಟಿ ಹೆಚ್ಚಾಗಿ ಉಳಿಯುವದೆಂದು! ಹೊಟ್ಟೆಯೇ ಅವನನ್ನು ಎಬ್ಬಿಸಿ ನಡೆಯಿಸಿತು. ಬರುವಾಗ ಹೇಳಬೇಕಾದ ಮಾತನ್ನೂ ಅವನು ಗಟ್ಟಿಮಾಡಿಕೊಂಡೇ ಬಂದನು: ಮಗನೆನಿಸಿಕೊಳ್ಳಲು ಯೋಗ್ಯನಲ್ಲ, ಆಳಾಗಿ ಇಟ್ಟುಕೋ ಎಂದು. ಆದರೆ ತಂದೆಯು ಅವನನ್ನು ದೂರದಿಂದಲೇ ಕಂಡು ಓಡಿಬಂದು ತಬ್ಬಿಕೊಂಡನು. ನಮ್ಮ ಸೀಮೆಯಲ್ಲಿ ರುಮಾಲು ಸುತ್ತಿದ ಗೌಡನೊಬ್ಬನು ಓಣಿಯಲ್ಲಿ ಓಡುವದನ್ನು ಮನಸ್ಸಿಗೆ ತಂದುಕೊಳ್ಳಿರಿ. ಊರೆಲ್ಲ ಬಾಗಿಲಿಗೆ ಬಂದು ನಿಲ್ಲುವದು. ಹಾಗೆ ಮಾನ ಬಿಟ್ಟು ಓಡಿದನು ಆ ತಂದೆ. ಮಗನು ಕಲಿತುಕೊಂಡು ಬಂದ ಮಾತನ್ನು ಪೂರ್ತಿ ಹೇಳಗೊಡಲಿಲ್ಲ. ಮೇಲಾದ ವಸ್ತ್ರ, ಬೆರಳಿಗೆ ಉಂಗುರ, ಕಾಲಿಗೆ ಕೆರ ತರಿಸಿದನು. ಆಳುಗಳು ಬರಿಗಾಲಿನಲ್ಲಿರುವರು, ಮಕ್ಕಳು ಕೆರ ಮೆಟ್ಟುವರು. ಈ ಕೆರದ ಮಾತನ್ನು ತಾವು ಸ್ವಲ್ಪ ನೆನಪಿನಲ್ಲಿಡಬೇಕು.

ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೇ ಮುಗಿಸುವದುಂಟು. ಆದರೆ ಯೇಸುವು ಮುಗಿಸಲಿಲ್ಲ. ಹಿರಿಯ ಮಗನು ಹೊಲದಿಂದ ಬರುತ್ತಾನೆ. ಮನೆಯಲ್ಲಿ ವಾದ್ಯದ ಸಪ್ಪಳ ಕೇಳಿ ಸಂಗತಿಯನ್ನರಿತು ಸಿಟ್ಟಾಗುತ್ತಾನೆ. ಇಷ್ಟು ವರ್ಷ ದುಡಿದವನು ತಾನು. ಎಂದೂ ಅಪ್ಪಣೆ ಮೀರದವನು ತಾನು. ತನಗಾಗಿ ಒಂದು ಆಡಿನ ಮರಿಯೂ ಇಲ್ಲ, ಹಾಳಾಗಿ ಬಂದವನಿಗೆ ಔತಣವೆ? ಒಳಗೆ ಬರಲೊಲ್ಲೆನೆಂದು ಹೊರಗೇ ನಿಂತನು. ಆಗ ತಂದೆಯು ಎರಡನೆಯ ಸಲ ಮನೆಯಿಂದ ಹೊರಗೆ ಬಂದನು. ಮೊದಲು ಕಿರಿಯನಿಗಾಗಿ, ಈಗ ಹಿರಿಯನಿಗಾಗಿ. ಹಿರಿಯನು ಒಳಗೆ ಬಂದನೋ ಇಲ್ಲವೋ ಎಂಬುದನ್ನು ಸಾಮತಿಯು ಹೇಳುವದಿಲ್ಲ. ಕೇಳುತ್ತ ಕುಳಿತಿದ್ದ ಧರ್ಮಿಷ್ಠರಿಗೆ ಅದನ್ನು ಬಿಟ್ಟುಕೊಟ್ಟು ಸುಮ್ಮನಾಯಿತು. ಶರಣರೇ, ತ್ರಿಕಾಲ ಲಿಂಗಪೂಜೆ ಮಾಡುವ, ಪ್ರತಿ ಅಮಾವಾಸ್ಯೆಗೆ ಮಠಕ್ಕೆ ಬರುವ, ದಾಸೋಹಕ್ಕೆ ಜೋಳದ ಚೀಲ ಕಳಿಸುವ ನಾವು ಈ ಕಥೆಯಲ್ಲಿ ಯಾರು ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮಲ್ಲಿ ಇಂಥದು ಇಲ್ಲವೇ ಎನ್ನುವಿರಿ. ಇದೆ. ಉರಿಲಿಂಗಪೆದ್ದಿಯ ಕಥೆಯನ್ನು ನೆನೆಯಿರಿ. ಪರಂಪರೆಯು ಹೇಳುವ ಪ್ರಕಾರ ಪೆದ್ದಣ್ಣನು ಕಳ್ಳನು. ಕನ್ನ ಹಾಕುವದಕ್ಕೆಂದು ಹೋದ ಮನೆಯಲ್ಲಿ ಉರಿಲಿಂಗದೇವರು ಲಿಂಗದೀಕ್ಷೆಯನ್ನು ಕೊಡುವದನ್ನು ಅಡಗಿಕೊಂಡು ನೋಡಿದನು. ಕದಿಯುವದು ಮರೆಯಿತು. ಮರುದಿನದಿಂದ ಗುರುವಿನ ಮಠಕ್ಕೆ ಕಟ್ಟಿಗೆಯ ಹೊರೆ ಹೊತ್ತು ತರತೊಡಗಿದನು. ಕೂಲಿ ಬೇಡನು, ದೀಕ್ಷೆಯನ್ನು ಬೇಡುವನು. ಕಾಡಿ ಕಾಡಿ ಬೇಸರವಾದ ಗುರುವು ಸಿಟ್ಟಿನಿಂದ ಒಂದು ಕಲ್ಲನ್ನು ಅವನತ್ತ ಎಸೆದನು. ಪೆದ್ದಣ್ಣನು ಅದನ್ನೇ ಲಿಂಗವೆಂದು ತಿಳಿದು ಕಟ್ಟಿಕೊಂಡನು. ಆ ನಂಬುಗೆಯ ಮುಂದೆ ಗುರುವೇ ಸೋತನು. ಮುಂದೆ ಅದೇ ಕಳ್ಳನು ಆ ಗುರುವಿನ ಪೀಠಕ್ಕೆ ಉತ್ತರಾಧಿಕಾರಿಯಾದನು. ಅವನ ವಚನಗಳಲ್ಲಿ ಸಂಸ್ಕೃತದ ಶ್ರುತಿವಾಕ್ಯಗಳು ತುಂಬಿರುವದನ್ನು ಕಂಡಾಗಲೆಲ್ಲ, ಹನ್ನೆರಡು ವರ್ಷ ಪಾಠಶಾಲೆಯಲ್ಲಿ ಕುಳಿತ ನನಗೆ ಒಳಗೊಳಗೆ ನಾಚಿಕೆಯಾಗುವದು. ಯೇಸುವಿನ ಪಕ್ಕದಲ್ಲಿ ಶಿಲುಬೆಗೇರಿಸಲ್ಪಟ್ಟ ಕಳ್ಳನೊಬ್ಬನು ಕೊನೆಯ ಗಳಿಗೆಯಲ್ಲಿ ತನ್ನನ್ನು ನೆನೆಯಬೇಕೆಂದು ಬೇಡಿ ಅಂದೇ ಪರದೈಸವನ್ನು ಪಡೆದನೆಂದು ಲೂಕನು ಬರೆದಿರುವನು. ಆ ಕಳ್ಳನಿಗೆ ಒಂದು ಸತ್ಕರ್ಮ ಮಾಡುವಷ್ಟು ಹೊತ್ತೂ ಇರಲಿಲ್ಲ. ನಮ್ಮ ಕಳ್ಳನಿಗೆ ಹೊತ್ತಿತ್ತು, ಕಟ್ಟಿಗೆ ಹೊತ್ತನು. ಇಷ್ಟೇ ಅಂತರ.

ಆದರೆ ಒಂದು ಮಾತು. ಯೇಸುವಿನ ಕಥೆಯಲ್ಲಿ ತಂದೆಯು ಓಡಿಬಂದನು. ಉರಿಲಿಂಗಪೆದ್ದಿಯ ಕಥೆಯಲ್ಲಿ ಗುರುವು ಕಲ್ಲೆಸೆದನು. ನಮ್ಮ ಹಿರಿಯರು ಈ ಕಥೆಯನ್ನು ಮುಚ್ಚಿಡದೆ ಹೇಳಿಕೊಂಡು ಬಂದಿರುವದು ಅವರ ದೊಡ್ಡಸ್ತಿಕೆಯೇ ಸರಿ. ಗುರುವೂ ತಪ್ಪಬಹುದು, ಶಿವನು ತಪ್ಪಲಾರನೆಂಬುದು ಅದರ ತಾತ್ಪರ್ಯವಾಗಿರುವದು.

ಇನ್ನು ಈ ಅಭಯವು ನಮ್ಮ ಸೀಮೆಗೆ ಹೇಗೆ ಬಂದಿತೆಂಬುದನ್ನು ಸ್ವಲ್ಪ ಹೇಳುವೆನು. 1833ರ ಸನದಿನಿಂದ ಇಂಗ್ಲೀಷರಲ್ಲದ ಮಿಷನರಿಗಳಿಗೂ ಕಂಪನಿಯ ರಾಜ್ಯದಲ್ಲಿ ದಾರಿ ತೆರೆಯಿತು. 1834ರಲ್ಲಿ ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ಗುಳೇದಗುಡ್ಡ, ಹೀಗೆ ಅವರ ಠಾಣೆಗಳು ನಮ್ಮ ಸುತ್ತಲೂ ಬೆಳೆದವು. ಇವರು ಜರ್ಮನರು, ಸ್ವಿಸ್ ದೇಶದವರು; ಆದರೂ 1858ರಲ್ಲಿ ನರಗುಂದದ ಬಾಬಾಸಾಹೇಬರನ್ನು ಗಲ್ಲಿಗೇರಿಸಿದ ದೊರೆಗಳ ಬಣ್ಣವೇ ಇವರದೂ ಆದ್ದರಿಂದ, ಜನರು ಇವರನ್ನು ಸರಕಾರದವರೆಂದೇ ತಿಳಿದಿದ್ದರೆ ಆಶ್ಚರ್ಯವಿಲ್ಲ.

ಇದರಲ್ಲಿ ನಮಗೆ ಸಂಬಂಧಪಟ್ಟ ಒಂದು ಸಂಗತಿ ಇದೆ. ಮೊದಲ ವರ್ಷಗಳಲ್ಲಿ ಮಿಷನರಿಗಳನ್ನು ತಾವಾಗಿಯೇ ಹುಡುಕಿಕೊಂಡು ಹೋದವರಲ್ಲಿ ನಮ್ಮವರೇ, ಕಾಲಜ್ಞಾನದ ನುಡಿಗಳನ್ನು ನಂಬಿ ಬರಲಿರುವ ಮಹಾತ್ಮನಿಗಾಗಿ ಕಾಯುತ್ತಿದ್ದ ಲಿಂಗವಂತರ ಗುಂಪಿನವರು, ಇದ್ದರು. ಇವರು ಹೇಳುವ ಕ್ರಿಸ್ತನೇ ಆ ನುಡಿಯ ಪುರುಷನಿರಬಹುದೇ ಎಂಬುದು ಅವರ ಪ್ರಶ್ನೆಯಾಗಿದ್ದಿತು. ಮಿಷನ್ನಿನವರಿಗೆ ಬಹಳ ಆಸೆ ಹುಟ್ಟಿತು. ಬರುವವರಿಗೆ ನೆಲೆಯಾಗಲೆಂದು ಗದುಗಿನ ಹತ್ತಿರ ಮಲ್ಲಸಮುದ್ರದಲ್ಲಿ ಒಕ್ಕಲುತನದ ಒಂದು ವಸತಿಯನ್ನು 1841ರಲ್ಲಿ ಹೂಡಿದರು. ಆದರೆ ಅವರು ಎಣಿಸಿದಷ್ಟು ಜನ ಬರಲಿಲ್ಲ. ಆ ವಸತಿ ಬೆಳೆಯಲಿಲ್ಲ. ಬರದೆ ಹೋದುದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಅಂದಿನ ದಿನ ಒಬ್ಬನು ಆ ಬಾಗಿಲನ್ನು ಹೊಕ್ಕನೆಂದರೆ, ಮನೆ, ಹೊಲ, ಹೆಂಡತಿಮಕ್ಕಳು, ಬಾವಿಯ ನೀರು, ಕ್ಷೌರಿಕನ ಕೈ, ಅಗಸರ ಮಡಿ ಎಲ್ಲವೂ ಅವನಿಗೆ ಮುಚ್ಚಿಹೋಗುತ್ತಿದ್ದವು. ಧರ್ಮ ಬಿಟ್ಟವನಿಗೂ ಪಿತ್ರಾರ್ಜಿತದ ಹಕ್ಕು ತಪ್ಪಬಾರದೆಂದು ಕಾಯಿದೆಯಾದುದೇ 1850ರಲ್ಲಿ; ಕಾಯಿದೆಯು ಹೊಲವನ್ನು ಕೊಡಿಸೀತು, ನೀರನ್ನು ಕೊಡಿಸಲಾರದು. ಮಿಷನ್ನಿನವರು ನೇಯುವ ಕಾರಖಾನೆ, ಹಂಚಿನ ಕಾರಖಾನೆಗಳನ್ನು ಹಾಕಬೇಕಾಗಿ ಬಂದುದಕ್ಕೆ ಇದೂ ಒಂದು ಕಾರಣವು. ದೇವರು ಬಾಗಿಲು ತೆರೆದರೂ ಒಳಗೆ ಬಂದವನು ಉಣ್ಣಬೇಕಷ್ಟೆ.

1876ರಿಂದ 1878ರ ವರೆಗಿನ ದೊಡ್ಡ ಬರದಲ್ಲಿ ನಮ್ಮ ಎರಿಯ ಭೂಮಿಯ ಹಳ್ಳಿಗಳು ಬರಿದಾದವು. ತಂದೆತಾಯಿ ಸತ್ತ ಮಕ್ಕಳಿಗೆ ಮಿಷನ್ನಿನವರು ಆಶ್ರಯವಿತ್ತರು. ಆ ಮಕ್ಕಳು ಕ್ರೈಸ್ತರಾಗಿ ಬೆಳೆದರು. ಇವರನ್ನು ಕುರಿತು ನಮ್ಮ ಜನರು ಇಂದಿಗೂ ‘ಹೊಟ್ಟೆಗಾಗಿ ಹೋದವರು’ ಎಂದು ಆಡಿಕೊಳ್ಳುವರು. ನಾನು ಕೇಳುವದಿಷ್ಟೆ: ಸಾಮತಿಯ ಕಿರಿಯ ಮಗನು ಯಾತಕ್ಕಾಗಿ ಬಂದನು? ನಮ್ಮ ದಾಸೋಹದ ಮನೆಗೆ ಜನರು ಯಾತಕ್ಕಾಗಿ ಬರುವರು? ಹಸಿದವನು ಮೊದಲು ಅನ್ನದ ವಾಸನೆ ಹಿಡಿದು ಬರುವನು, ಆ ಮೇಲೆ ಬಡಿಸಿದವರ ಮುಖವನ್ನು ನೋಡುವನು, ಆ ಮೇಲೆ ಬಡಿಸಲು ಹೇಳಿದವನಾರೆಂದು ಕೇಳುವನು. ನಂಬುಗೆ ಹುಟ್ಟುವದು ಹೀಗೆಯೇ. ಬರುವವನ ಮನಸ್ಸನ್ನು ಸೋಸಿ ನೋಡಿ ಒಳಗೆ ಬಿಡುವೆವೆಂದರೆ ನಮ್ಮಲ್ಲಿ ಎಷ್ಟು ಜನ ಒಳಗೆ ಉಳಿದೇವು? ಮಿಷನ್ನಿನವರೇನೋ ಸೋಸಿದರು. ಬಂದವರನ್ನು ತಿಂಗಳುಗಟ್ಟಲೆ ಕಲಿಸಿ, ಪರೀಕ್ಷಿಸಿ, ಆ ಮೇಲೆ ದೀಕ್ಷಾಸ್ನಾನವನ್ನು ಕೊಡುವದು ಅವರ ಪದ್ಧತಿ. ದೇವರ ಅಭಯವು ಎಷ್ಟು ಅಗಲವಾಗಿತ್ತೋ ಅವರ ಬಾಗಿಲು ಅಷ್ಟು ಅಗಲವಾಗಿರಲಿಲ್ಲ. ಇದನ್ನು ದೂಷಣೆಯಾಗಿ ಹೇಳುತ್ತಿಲ್ಲ. ಬಾಗಿಲು ಕಾಯುವ ಕೆಲಸವು ಮನುಷ್ಯರ ಕೈಗೆ ಬಂದಾಗ ಎಲ್ಲೆಲ್ಲಿಯೂ ಹೀಗೆಯೇ ಆಗುವದು.

ಕ್ರೈಸ್ತರ ಮೊದಲ ತಲೆಮಾರಿನಲ್ಲಿಯೇ ಇದು ಆಗಿದೆ. ಪಾಠಶಾಲೆಯಲ್ಲಿ ಪಂಕ್ತಿಯ ವಿಚಾರವನ್ನು ಕಣ್ಣಾರೆ ಕಂಡ ನನಗೆ, ಪೌಲನು ಗಲಾತ್ಯದವರಿಗೆ ಬರೆದ ಪತ್ರದೊಳಗಿನ ಒಂದು ಪ್ರಸಂಗವು ಬಹಳ ಹತ್ತಿರದ್ದೆನಿಸಿತು. ಅಂತಿಯೋಕ್ಯವೆಂಬ ಪಟ್ಟಣದಲ್ಲಿ ಯೆಹೂದ್ಯರೂ ಅನ್ಯಜನರೂ ಸೇರಿದ್ದ ಸಭೆ ಇತ್ತು. ಯೇಸುವಿನ ಹಿರಿಯ ಶಿಷ್ಯನಾದ ಪೇತ್ರನು ಅಲ್ಲಿ ಅನ್ಯಜನರ ಸಂಗಡ ಕುಳಿತು ಊಟಮಾಡುತ್ತಿದ್ದನು. ಅಷ್ಟರಲ್ಲಿ ಯೆರೂಸಲೇಮಿನಿಂದ ಕೆಲವು ಕಟ್ಟಾಚಾರದವರು ಬಂದರು. ಪೇತ್ರನು ಅವರಿಗೆ ಅಂಜಿ ಪಂಕ್ತಿಯಿಂದ ಮೆಲ್ಲನೆ ಹಿಂದೆ ಸರಿದನು. ಅವನನ್ನು ನೋಡಿ ಉಳಿದ ಯೆಹೂದ್ಯರೂ ಸರಿದರು. ಪೌಲನ ಸಂಗಡಿಗನಾದ ಬಾರ್ನಬನೂ ಸರಿದನು. ಆಗ ಪೌಲನು ಎಲ್ಲರೆದುರಿನಲ್ಲಿಯೇ ಪೇತ್ರನ ಮುಖಕ್ಕೆ ಮುಖ ಕೊಟ್ಟು ಆಕ್ಷೇಪಿಸಿದನು. ನೋಡಿರಿ, ಪೇತ್ರನಿಗೆ ತತ್ವದಲ್ಲಿ ಸಂಶಯವಿರಲಿಲ್ಲ. ದೇವರು ಪಕ್ಷಪಾತಿಯಲ್ಲವೆಂದು ಸಾರಿದವನೇ ಅವನು. ತನ್ನ ಊರಿನವರು ಏನೆಂದಾರೋ ಎಂಬ ಅಂಜಿಕೆಯೊಂದೇ ಅವನನ್ನು ಎಬ್ಬಿಸಿದುದು. ಅಂಜಿಕೆಯು ತತ್ವವನ್ನು ಅಲ್ಲಗಳೆಯುವದಿಲ್ಲ. ತಾಟನ್ನು ಎತ್ತಿಕೊಂಡು ಬೇರೆ ಕಡೆಗೆ ಹೋಗುವದು, ಅಷ್ಟೆ.

ನಮ್ಮ ನಾಡಿನ ಹಳೆಯ ಮಠಗಳು ಈ ಅಂಜಿಕೆಯನ್ನು ಗೆದ್ದ ಕಾಲವೂ ಇದ್ದಿತು. ಬಳ್ಳಿಗಾವೆಯ ಕೋಡಿಯ ಮಠವು ಕಾಳಾಮುಖರದು. ನಮ್ಮ ಸೂಡಿಯಲ್ಲಿಯೂ ಅದೇ ಪಂಥದ ಆಚಾರ್ಯರು ಇದ್ದರೆಂಬುದು ಅಲ್ಲಿಯ ಶಾಸನಗಳಿಂದ ತಿಳಿಯುವದು. ಕೋಡಿಯ ಮಠದ 1162ರ ಶಾಸನವು ಆ ಮಠದಲ್ಲಿ ಯಾರು ಯಾರಿಗೆ ಆಶ್ರಯವಿತ್ತೆಂಬುದನ್ನು ಎಣಿಸಿ ಹೇಳುವದು. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು. ಹಾಡುವವರು, ಬಾರಿಸುವವರು, ಕುಣಿಯುವವರು. ಶೈವರಲ್ಲದ ನಾನಾ ಪಂಥಗಳ ಭಿಕ್ಷುಕರು, ಸಂನ್ಯಾಸಿಗಳು. ಎಲ್ಲರಿಗೂ ಅನ್ನ, ರೋಗಿಗಳಿಗೆ ಔಷಧ. ವಾದದಲ್ಲಿ ಪರಮತಗಳನ್ನು ಖಂಡಿಸುತ್ತಿದ್ದ ಪಂಡಿತರ ಮಠವದು. ಊಟದಲ್ಲಿ ಮಾತ್ರ ಯಾವ ಖಂಡನೆಯೂ ಇರಲಿಲ್ಲ. ಇತ್ತೀಚಿನ ಕಾಲದಲ್ಲಿ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆದರೆ ಸಾಕು. ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ ತಾವು ಅಂಧರಾಗಿದ್ದು, ಕಣ್ಣಿಲ್ಲದೆ ಬಂದ ಮಕ್ಕಳನ್ನು ಜಾತಿ ಕೇಳದೆ ಒಳಗೆ ಕರೆದು ಸ್ವರ ಕೊಟ್ಟರು.

ಇನ್ನೊಬ್ಬ ಮಹನೀಯರ ಹೆಸರನ್ನು ಹೇಳದೆ ಮುಂದೆ ಹೋಗಲಾರೆನು. ರೆವರೆಂಡ್ ಉತ್ತಂಗಿ ಚೆನ್ನಪ್ಪನವರು 1881ರಲ್ಲಿ ಧಾರವಾಡದಲ್ಲಿ ಹುಟ್ಟಿದವರು, 1962ರಲ್ಲಿ ಕಾಲವಾದರು. ಅವರ ಪೂರ್ವಿಕರು ಹಡಗಲಿಯ ಕಡೆಯ ಉತ್ತಂಗಿ ಗ್ರಾಮದ ಲಿಂಗವಂತರು. ಚೆನ್ನಪ್ಪನವರು ಬಾಸೆಲ್ ಮಿಷನ್ನಿನ ಸಭಾಪಾಲಕರಾಗಿ ದುಡಿದರು. ಆದರೆ ಸರ್ವಜ್ಞನ ವಚನಗಳನ್ನು ಓಲೆಗರಿಗಳಿಂದಲೂ ಜನರ ಬಾಯಿಂದಲೂ ಕೂಡಿಸಿ 1924ರಲ್ಲಿ ಅಚ್ಚು ಮಾಡಿಸಿದವರು ಯಾರು? ಈ ಪಾದ್ರಿಗಳು. ಅನುಭವಮಂಟಪವು ಕಟ್ಟುಕಥೆಯೆಂದು ಕೆಲವರು ವಾದಿಸಿದಾಗ ಅದರ ಐತಿಹಾಸಿಕತೆಯನ್ನು ಸಾಧಿಸಲು ಗ್ರಂಥವನ್ನೇ ಬರೆದವರು ಯಾರು? ಈ ಪಾದ್ರಿಗಳು. ಸಿದ್ಧರಾಮನ ಸಾಹಿತ್ಯ, ಮೋಳಿಗೆಯ ಮಾರಯ್ಯನ ವಚನಗಳು ಅವರ ಕೈಯಿಂದ ಬೆಳಕು ಕಂಡವು. 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನವು ಅವರನ್ನು ಅಧ್ಯಕ್ಷರನ್ನಾಗಿ ಕೂಡಿಸಿತು. ಒಂದು ಬಾಗಿಲಿನಿಂದ ಹೊರಗೆ ಹೋದ ಮನೆತನವು ಇನ್ನೊಂದು ಬಾಗಿಲಿನೊಳಗೆ ನಿಂತು, ಕಿಟಕಿಯಿಂದ ನಮ್ಮ ಮನೆಗೇ ದೀಪ ಹಿಡಿಯಿತು. ನಾವು ಅವರನ್ನು ‘ಬಿಟ್ಟುಹೋದವರು’ ಎಂದು ಕರೆಯುವದೋ, ‘ನಮ್ಮವರು’ ಎಂದು ಕರೆಯುವದೋ? ಬಂದವನ ಕುಲವನ್ನು ಕೇಳದೆ ಮನೆಯ ಮಗನೆಂದು ಎಣಿಸಬೇಕೆಂಬ ವಚನವನ್ನು ಪ್ರತಿ ಸಭೆಯ ಮೊದಲಿಗೆ ಹಾಡುವೆವಾದುದರಿಂದ ಕೇಳಿದೆನು.

ಎರಡು ಮಾರ್ಗಗಳಲ್ಲಿ ಅಂತರವಿಲ್ಲವೆಂದು ನಾನು ಹೇಳುವದಿಲ್ಲ. ಬಹಳ ಅಂತರವು ಇದೆ. ಕ್ರೈಸ್ತನು ಕ್ರಿಸ್ತನ ಮೂಲಕವಾಗಿ ಬರುವನು. ಆ ಮಧ್ಯಸ್ಥನೇ ಅವನ ಬಾಗಿಲು. ನಮ್ಮಲ್ಲಾದರೋ ಸ್ವೀಕರಿಸಬೇಕಾದ ದೇವನು ಎಲ್ಲಿಯೋ ದೂರದಲ್ಲಿಲ್ಲ. ಗುರುವು ಒಮ್ಮೆ ಕೊಟ್ಟನೆಂದರೆ ಅಂಗೈಯಲ್ಲಿಯೇ ಇರುವನು. ಗುಡಿಗೆ ಹೋಗಬೇಕಾಗಿಲ್ಲ, ಪೂಜಾರಿಯನ್ನು ಕೇಳಬೇಕಾಗಿಲ್ಲ. ಮಂಚದ ಮೇಲೆ ಮಲಗಿದ ನಮ್ಮ ತಾಯಿಯವರ ಕೈಯಲ್ಲಿದ್ದಂತೆ ಇರುವನು. ಹಾಗಾದರೆ ನಮ್ಮ ಮಾರ್ಗದಲ್ಲಿ ಬಾಗಿಲೇ ಇಲ್ಲ ಎನ್ನಬಹುದಲ್ಲ? ಎನ್ನಬಹುದಾಗಿತ್ತು. ಆದರೆ ಮೊದಲ ಸಲ ಆ ಲಿಂಗವನ್ನು ಅಂಗೈಗೆ ಕೊಡುವ ಕೈಯೊಂದು ಬೇಕು. ಆ ಕೈಯೇ ನಮ್ಮ ಬಾಗಿಲು. ಅದು ಮಠದ ಕೈ.

ಇಲ್ಲಿ ನಾನು ನನ್ನದೊಂದು ತಪ್ಪನ್ನು ಒಪ್ಪಿಸಿಕೊಳ್ಳಬೇಕಾಗಿದೆ. ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಆಗ ನಾನು ಬೇರೊಂದು ಊರಿನ ಮಠದಲ್ಲಿ ಪಾಠ ಹೇಳಿಕೊಂಡಿದ್ದೆನು. ಊರಿನ ಹೆಸರು ಬೇಡ. ಒಂದು ಮಧ್ಯಾಹ್ನ, ದೊಡ್ಡವರು ಊರಲ್ಲಿಲ್ಲದಾಗ, ಒಬ್ಬ ನಡುವಯಸ್ಸಿನ ಮನುಷ್ಯನು ಅಂಗಳದ ಆಚೆ ಬಂದು ನಿಂತನು. ಮಾದಾರ ಚೆನ್ನಯ್ಯನ ಕುಲದವನು. ಒಕ್ಕಲಿಗರಿಗೆ ಮಿಣಿ, ಬಾರುಕೋಲು, ಕೆರ ಮಾಡಿಕೊಡುವವನು. ಕಾಲಲ್ಲಿದ್ದ ಕೆರಗಳನ್ನು ನಮ್ಮ ಓಣಿ ಬಂದ ಕೂಡಲೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದನು. “ಸ್ವಾಮ್ಯಾರ, ನನಗ ಲಿಂಗ ಕಟ್ಟಸರಿ. ಕುಡಿಯೋದು ಬಿಟ್ಟು ವರ್ಷ ಆತು. ಪುರಾಣ ಹೊರಗ ಕುಂತ ಕೇಳೀನಿ,” ಎಂದನು. ನಾನು ಏನು ಹೇಳಬೇಕಾಗಿತ್ತೆಂಬುದು ನಿಮಗೆಲ್ಲರಿಗೂ ಗೊತ್ತು, ನನಗೂ ಗೊತ್ತಿತ್ತು. ಅದೇ ವಾರ ಚೆನ್ನಯ್ಯನ ಚರಿತ್ರೆಯನ್ನು ಹುಡುಗರಿಗೆ ಪಾಠ ಹೇಳಿದ್ದೆನು. ಆದರೆ ಕಟ್ಟೆಯ ಮೇಲೆ ಊರಿನ ನಾಲ್ಕು ಜನ ಹಿರಿಯರು ಕುಳಿತು ನೋಡುತ್ತಿದ್ದರು. ನಾನು, “ದೊಡ್ಡವರು ಬರಲಿ, ಹಿರಿಯರನ್ನು ಕೇಳೋಣ, ಅಮಾಸಿಗೆ ಬಾ,” ಎಂದೆನು. ಅವನು ನೆಲಕ್ಕೆ ಕೈ ಮುಟ್ಟಿಸಿ ನಮಸ್ಕರಿಸಿ ಹೋದನು. ಅಮಾವಾಸ್ಯೆಗೆ ಬರಲಿಲ್ಲ. ನಾನು ಕರೆಯಿಸಲೂ ಇಲ್ಲ.

ಎರಡು ಮೂರು ವರ್ಷಗಳಾದ ಮೇಲೆ ಸಂತೆಯಲ್ಲಿ ಸಿಕ್ಕನು. ಪ್ರಾರ್ಥನೆಯ ಮನೆಗೆ ಹೋಗುತ್ತಿರುವೆನೆಂದನು. ನಾನು ಉಪದೇಶ ಮಾಡುವವನಂತೆ, “ಅಲ್ಲಿ ಏನು ಕಂಡಿ?” ಎಂದು ಕೇಳಿದೆನು. ಅವನು ಸ್ವಲ್ಪ ಹೊತ್ತು ಯೋಚಿಸಿ, “ಕುಂಡ್ರು ಅಂದ್ರರೀ,” ಎಂದನು. ಅಷ್ಟೇ ಉತ್ತರ. ಸಿಟ್ಟಿರಲಿಲ್ಲ. ನನಗಾಗಿ ಒಂದು ಜೊತೆ ಕೆರ ಮಾಡಿಕೊಡುವೆನೆಂದು ಕಾಲಿನ ಅಳತೆಯನ್ನು ಕೇಳಿದನು.

ಶ್ರೀಗಳವರಲ್ಲಿ ನನ್ನದೊಂದು ವಿಜ್ಞಾಪನೆ. ಈ ಮಹೋತ್ಸವದ ನೆನಪಿಗೆ ಮಹಾದ್ವಾರ ಕಟ್ಟುವದೆಂದು ನಿಶ್ಚಯವಾಗಿರುವದು; ಬಹಳ ಸಂತೋಷ. ಅದರ ಜೊತೆಗೆ, ದೀಕ್ಷೆ ಬೇಡಿ ಬಂದವರನ್ನು, ಅವರು ಯಾರೇ ಇರಲಿ, ಅಂದೇ ಒಳಗೆ ಕೂಡಿಸಿ ಪ್ರಸಾದ ಕೊಟ್ಟು ಮಾತನಾಡಿಸುವ ಒಬ್ಬ ಮರಿದೇವರನ್ನು ಶ್ರೀಮಠದಲ್ಲಿ ಸದಾಕಾಲ ನೇಮಿಸಬೇಕೆಂದು ಬೇಡಿಕೊಳ್ಳುವೆನು. ದೊಡ್ಡವರು ಊರಲ್ಲಿಲ್ಲವೆಂಬ ನೆವಕ್ಕೆ ಎಡೆ ಉಳಿಯಬಾರದು.

ಆ ಹಿರಿಯನು ಮೂರು ವರ್ಷಗಳ ಕೆಳಗೆ ತೀರಿಕೊಂಡನು. ಸುದ್ದಿ ತಿಳಿದು ನಾನು ಆ ಊರಿಗೆ ಹೋದೆನು. ಪ್ರಾರ್ಥನೆಯ ಮನೆಯೆಂದರೆ ತಗಡಿನ ಮಾಡಿನ ಒಂದು ಕೋಣೆ; ಒಳಗೆ ಜನ ತುಂಬಿ ಹಾಡುತ್ತಿದ್ದರು. ಹೊರಗೆ ಕೆರಗಳ ರಾಶಿ. ನಾನು ಹೊಸ್ತಿಲಿನ ಈಚೆಗೆ, ವಿಭೂತಿ ರುದ್ರಾಕ್ಷಿಗಳೊಡನೆ, ಏನು ಮಾಡಬೇಕೆಂದು ತಿಳಿಯದೆ ನಿಂತುಬಿಟ್ಟೆನು. ಹದಿನೈದು ಹದಿನಾರು ವರ್ಷದ ಒಬ್ಬ ಹುಡುಗ, ಅವನ ಮೊಮ್ಮಗನಂತೆ, ಎದ್ದು ಬಂದು, “ಹೊರಗ ಯಾಕ ನಿಂತೀರಿ ಸ್ವಾಮ್ಯಾರ? ಒಳಗ ಬರ್ರಿ, ಕುಂಡ್ರರಿ,” ಎಂದು ಒಂದು ಚಾಪೆಯನ್ನು ಝಾಡಿಸಿ ಹಾಸಿದನು.